ಎಡದಿಂದ ಮೂರನೆಯ ಸೀಸೆ

ಮೂಗುರಾಯನ ಮೂಗು ಸತ್ತು ಎರಡು ತಿಂಗಳಾಗಿತ್ತು. ನೆಗಡಿ ಬಂದು ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅವನು ಯಾರಿಗೂ ಹೇಳಿರಲಿಲ್ಲ. ಆದರೆ ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೂ ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದನಲ್ಲ, ಆಗಲೇ ಹೆಂಡತಿಗೆ ಅರ್ಥವಾಯಿತು. ಅವಳೂ ಬಾಯಿ ಬಿಡಲಿಲ್ಲ. ಅತ್ತರಿನ ಅಂಗಡಿಯಲ್ಲಿ ಅವನು ಎಣ್ಣೆ ಬೆರೆಸುವವನು, ಅವಳು ಸೀಸೆ ತೊಳೆದು ತುಂಬುವವಳು. ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಧಣಿ ಕೊಟ್ಟದ್ದು ಆ ಮೂಗಿನ ಮುಖ ನೋಡಿ. ಮೂಗು ಹೋಯಿತೆಂದು ಗೊತ್ತಾದರೆ ಮನೆಯೂ ಹೋದಂತೆಯೇ.

ಅವನ ಹನ್ನೆರಡು ಸೀಸೆಗಳೂ ಒಂದೇ ಅಚ್ಚಿನವು, ಕಂದು ಬಣ್ಣದವು. ಒಂದರ ಮೇಲೂ ಹೆಸರಿಲ್ಲ. "ಚೀಟಿ ಅಂಟಿಸೋದು ಔಷಧಿ ಅಂಗಡಿಯವ್ರು. ನಂಗೆ ಮೂಗೇ ಚೀಟಿ" ಎಂದು ಮೂವತ್ತು ವರ್ಷ ಜಂಭ ಕೊಚ್ಚಿಕೊಂಡವನು ಈಗ ಯಾವ ಮುಖ ಹೊತ್ತು ಚೀಟಿ ಅಂಟಿಸಬೇಕು?

ಅಂಗಡಿಯ ದೊಡ್ಡ ಗಿರಾಕಿ ಬಂಗಲೆಯಮ್ಮ ಬರುವ ದಿನ, ಅಂಗಡಿ ಲಕ್ಷಣವಾಗಿ ಕಾಣಲಿ ಎಂದು ಹೆಂಡತಿ ಕಪಾಟಿನ ಧೂಳು ಹೊಡೆದು, ಸೀಸೆಗಳನ್ನು ಫಳಫಳ ಒರೆಸಿ ಕೈಗೆ ಸಿಕ್ಕಂತೆ ಸಾಲಾಗಿಟ್ಟಳು. ಗಂಡ ಎಡದಿಂದ ಎಣಿಸಿಕೊಂಡು ಕಾಲ ತಳ್ಳುತ್ತಿದ್ದಾನೆಂದು ಅವಳಿಗೇನು ಗೊತ್ತು? ಪಳಗಿದ ಕೈ, ಹೇಗೋ ಗುರುತಿಸುತ್ತದೆ ಅಂದುಕೊಂಡಿದ್ದಳು.

ಬಂಗಲೆಯಮ್ಮ ಅತ್ತೆಯನ್ನೂ ಕರೆತಂದಿದ್ದಳು. ಔತಣಕ್ಕೆ ಬರುವ ನೂರು ಅತಿಥಿಗಳಿಗೆ ಹಂಚಲು ಅರಬ್ಬೀ ಅತ್ತರೇ ಆಗಬೇಕಂತೆ. ಧಣಿ ಕೈ ಹೊಸೆಯುತ್ತ ನಿಂತ.

"ಇದು ಪದರ ಪದರವಾಗಿ ಬಿಚ್ಕೊಳ್ಳುತ್ತೆ ಅಮ್ಮಾವ್ರೇ. ಮೊದ್ಲು ಕೇಸರಿ, ಆಮೇಲೆ ಗುಲಾಬಿ, ಕೊನೇಲಿ ಊದ್. ಹಳೇ ಅಗರು ಮರದ ಎಣ್ಣೆ" ಎನ್ನುತ್ತ ಮೂಗುರಾಯ ಬೆರೆಸತೊಡಗಿದ. ಮೊದಲೆರಡು ಸೀಸೆ ಪುಣ್ಯಕ್ಕೆ ಸ್ವಸ್ಥಾನದಲ್ಲೇ ಇದ್ದವು. ಮೂರನೆಯದರ ಬಿರಡೆ ತೆಗೆದದ್ದೇ ತಡ, ಹೆಂಡತಿಗೆ ಘಾಟು ಹತ್ತಿತು. ಲವಂಗದೆಣ್ಣೆ! ಅವನೋ, ಕಣ್ಣು ಅರೆಮುಚ್ಚಿ, ಧಾರಾಳವಾಗಿ ಸುರಿದ. ಗಾಜಿನ ಕಡ್ಡಿಯಿಂದ ಬಂಗಲೆಯಮ್ಮನ ಮಣಿಕಟ್ಟಿಗೆ ಸವರಿದ.

"ಅಬ್ಬಬ್ಬಾ! ಊದ್ ಅಂದ್ರೆ ಇದು. ಎಷ್ಟು ಗಂಭೀರ!"

ಅವಳು ಹಿಗ್ಗಿದ ಮೇಲೆ ಧಣಿಯ ಮೂಗಿಗೂ ಊದ್ ಬಡಿಯಿತು. "ಕಾಡೇ ಎದ್ದು ಬಂದ ಹಾಗಿದೆ!"

ಮುದುಕಿ ಸೊಸೆಯ ಕೈ ಎಳೆದುಕೊಂಡು ಮೂಸಿದಳು. "ಏನೇ ಇದು, ಹಲ್ಲುನೋವಿಗೆ ಇಡೋ ಲವಂಗದೆಣ್ಣೆ ಅಲ್ವೇನೇ?"

ಧಣಿ ಮೂಗುರಾಯನ ಕಡೆ ತಿರುಗಿದ. ಮೂಗುರಾಯ ಫೋಟೋಗೆ ನಿಂತವನಂತೆ ನಕ್ಕ.

"ಅಜ್ಜೀ, ಅದಿನ್ನೂ ಹದಕ್ಕೆ ಬಂದಿಲ್ಲ" ಎಂದು ಹೆಂಡತಿ ಮಧ್ಯೆ ಬಾಯಿ ಹಾಕಿದಳು. "ಕೂತ್ಕೊಳ್ಳಿ, ಹದವಾದ್ದು ತರ್ತೀನಿ." ಸೀಸೆಗಳನ್ನು ತಟ್ಟೆಗೆ ತುಂಬಿಕೊಂಡು ಒಳಗೆ ಹೋದಳು. ಒಂದೊಂದನ್ನೂ ಮೂಸಿ ಹುಡುಕಿ, ಮೂವತ್ತು ವರ್ಷ ಕಣ್ಣಲ್ಲೇ ಕಲಿತದ್ದನ್ನು ಮೊದಲ ಸಲ ತನ್ನ ಕೈಯಿಂದ ಬೆರೆಸಿದಳು. ತಂದು ಮುದುಕಿಯ ಮಣಿಕಟ್ಟಿಗೆ ಹಚ್ಚಿದಳು.

ಮುದುಕಿ ಮೂಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿದಳು. ಕೇಸರಿ ಸರಿದು ಗುಲಾಬಿ ಬಂತು, ಅದರ ಬೆನ್ನಿಗೇ ಹೊಗೆಯಂಥ, ಜೇನಿನಂಥ ಏನೋ ಒಂದು.

"ಇದು ಕಣಮ್ಮ" ಎಂದಳು ಮೆಲ್ಲಗೆ.

ಬಂಗಲೆಯಮ್ಮ ಅತ್ತೆಯ ಕೈಯತ್ತ ಬಗ್ಗಿ ಮೂಸಿ ಮುಖ ಹಿಂಡಿದಳು. "ಸಪ್ಪೆ. ನಂಗೆ ಮೊದಲ್ನೇದೇ ಇರ್ಲಿ, ನೂರು ಸೀಸೆ. ನಮ್ಮತ್ತೆಗೆ ವಯಸ್ಸಾಯ್ತು ನೋಡಿ, ಪಾಪ, ಮೂಗು ಕೆಲ್ಸ ಮಾಡಲ್ಲ."

"ನಿಮ್ಮಂಥ ಮೂಗು ಸಾವಿರಕ್ಕೊಂದು ಅಮ್ಮಾವ್ರೇ" ಎಂದ ಧಣಿ, ಅವರನ್ನು ಬೀಳ್ಕೊಡಲು ಬೀದಿಯವರೆಗೂ ಹೋದ. ಮುದುಕಿ ಕೈಯನ್ನು ಮೂಗಿನಿಂದ ಇಳಿಸದೆಯೇ ಕಾರು ಹತ್ತಿದಳು.

ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

"ಆ ಮೊದಲ್ನೇದು... ಹೇಗಿತ್ತೇ ವಾಸನೆ?" ಎಂದ ಅವನು. ಎರಡು ತಿಂಗಳಲ್ಲಿ ಹೀಗೆ ಕೇಳಿದ್ದು ಇದೇ ಮೊದಲು.

"ಹಲ್ಲಿನ ಡಾಕ್ಟ್ರ ಕ್ಲಿನಿಕ್ ಇದ್ದ ಹಾಗಿತ್ತು ಕಣ್ರೀ."

"ನಿಂದು?"

"ನೀವು ಮೊದ್ಲು ಮಾಡ್ತಿದ್ರಲ್ಲ, ಹಾಗೆ."

ಅವನು ಎಣ್ಣೆ ಬೆರೆಸಲು ಕೂರುತ್ತಿದ್ದ ತನ್ನ ಸ್ಟೂಲಿನತ್ತ ತಿರುಗಿದ. ಆಮೇಲೆ ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒರೆಸಿದ. "ನೀನು ಕೂತ್ಕೋ. ನಾನು ಸೀಸೆ ತೊಳೀತೀನಿ. ಧಣಿ ಬಂದ್ರೆ ಎದ್ಬಿಡು."

"ಏಳಲ್ಲ" ಎಂದಳು ಅವಳು, ಕೂರುತ್ತ.

ಸೀಸೆಗಳನ್ನು ಮತ್ತೆ ಕಪಾಟಿಗೆ ಜೋಡಿಸುವಾಗ ಅವಳು ಎಣಿಸಲಿಲ್ಲ.