ಬೀರಪ್ಪನ ಪೆಟ್ಟಿಗೆ ಕೆಳಗಿಳಿಯಿತು

ಬೆಳಗ್ಗೆ ನೆಲ ನಡುಗಿದ್ದು ಸ್ವಲ್ಪವೇ ಹೊತ್ತು. ಅಷ್ಟರಲ್ಲೇ ರಾಜ್ಯದ ಗಡಿಯ ಮಕ್ತಲ್ ಹತ್ತಿರದ ಒಂದು ಊರಿನಲ್ಲಿ ಕುರಿಗಳು ಒದರಿದವು, ಪಾತ್ರೆಗಳು ಉರುಳಿದವು, ಜನ ಬೀದಿಗೆ ಬಂದರು. ಬೀದಿಯಲ್ಲೇ ನಿಂತಿದ್ದ ಕುರುಬರ ಮಾಳಿಂಗಪ್ಪ ಮಾತ್ರ ಮನೆಯೊಳಗೆ ಓಡಿದ! ಯಾಕೆ? ಮನೆದೇವರು ಬೀರಪ್ಪನ ಪೆಟ್ಟಿಗೆ ಹಿಡಿಯುವುದಕ್ಕೆ.

ಹಿತ್ತಾಳೆಯ ದೇವರ ಮುಖ, ಗಂಟೆ, ಭಂಡಾರದ ಅರಿಶಿನಪುಡಿಯ ಚೀಲ ತುಂಬಿದ ಭಾರವಾದ ಮರದ ಪೆಟ್ಟಿಗೆ ಅದು. ಗೋಡೆಯ ಹಲಗೆಯ ಮೇಲೆ ಇರುತ್ತಿತ್ತು. ಅದರ ಕೆಳಗೇ ಮೊಮ್ಮಗಳ ತೊಟ್ಟಿಲು. ಕೂಸು ದೇವರ ನೆರಳಿನಲ್ಲಿ ಮಲಗಬೇಕು ಎಂಬುದು ಆ ಮನೆಯ ಪದ್ಧತಿ. ದೇವರ ಹಬ್ಬಕ್ಕಷ್ಟೇ ಪೆಟ್ಟಿಗೆ ಇಳಿಸಬೇಕು ಎಂಬುದೂ ಪದ್ಧತಿಯೇ.

ಅವನು ಮುಟ್ಟುವಷ್ಟರಲ್ಲಿ ನಡುಕ ನಿಂತಿತ್ತು, ಪೆಟ್ಟಿಗೆ ಹಲಗೆಯಿಂದ ಅರ್ಧ ಹೊರಗೆ ಜರುಗಿತ್ತು. ಸೊಸೆ ದೇವಿಕಾ ಕೂಸನ್ನು ಎತ್ತಿ ಎದೆಗವಚಿಕೊಂಡಳು.

"ಮಾವಾ, ಪೆಟ್ಟಿಗಿ ಕೆಳಗ ಇಡ್ರಿ. ಕೂಸಿನ ತಲಿ ಮ್ಯಾಲೆ ಬಿದ್ದಿದ್ರ?"

"ಹೆಂಗ ಬೀಳ್ತೈತಿ? ಬೀರಪ್ಪ ಸಿಟ್ಟಾಗಿ ನೆಲ ಅಳ್ಳಾಡಿಸ್ಯಾನ. ಈಗ ಪೆಟ್ಟಿಗಿ ಇಳಿಸಿದ್ರ ಇನ್ನೂ ಸಿಟ್ಟಾಗ್ತಾನ" ಎಂದು ಮಾಳಿಂಗಪ್ಪ ಪೆಟ್ಟಿಗೆಯನ್ನು ಮತ್ತೆ ಒಳಕ್ಕೆ ತಳ್ಳಿದ.

ಕೂಸನ್ನು ತೊಟ್ಟಿಲಿಗೆ ಹಾಕಲು ದೇವಿಕಾಗೆ ಧೈರ್ಯ ಬರಲಿಲ್ಲ. ಎದುರು ಮನೆಯ ಶೈಲಜಾ ಊರ ಶಾಲೆಯಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುವ ಟೀಚರ್. ದೇವಿಕಾ ಕೂಸಿನೊಂದಿಗೇ ಹೋಗಿ ಅವರನ್ನು ಕರೆತಂದಳು. ಇದು ದೇವರ ಸಿಟ್ಟಲ್ಲ ಎಂದರು ಟೀಚರ್.

"ದೇವ್ರ ಸಿಟ್ಟಲ್ಲಾಂದ್ರ ಮತ್ತೇನ್ರೀ ಟೀಚರಮ್ಮ?" ಮಾಳಿಂಗಪ್ಪ ಕೇಳಿದ.

"ಕಾಕಾ, ಭೂಮಿನ ಮಾವಿನಹಣ್ಣು ಅಂತ ತಿಳ್ಕೋರಿ. ಸಿಪ್ಪಿ ಇದ್ದಂಗ ತೊಗಟಿ, ನಾವಿರೋದು ಅದರ ಮ್ಯಾಲೆ. ತಿರುಳಿನ ಜಾಗದಾಗ ಕಾದ ಕಲ್ಲು, ಮ್ಯಾಂಟಲ್ ಅಂತಾರ. ಗಟ್ಟಿನೇ ಐತಿ, ಆದ್ರ ಭಾಳ ನಿಧಾನಕ್ಕ ಸರೀತೈತಿ. ಗೊರಟಿ ಜಾಗದಾಗ ಕಬ್ಬಿಣ. ಅದರ ಹೊರಭಾಗ ಕರಗೇತಿ, ಒಳಗಿಂದು ಗಟ್ಟಿ."

"ಅದಕ್ಕೂ ನನ್ನ ಪೆಟ್ಟಿಗಿಗೂ ಏನು ಸಂಬಂಧ?"

"ಮ್ಯಾಲಿನ ಗಟ್ಟಿ ಕಲ್ಲು ಒಂದೇ ಇಲ್ರಿ. ದೊಡ್ಡ ದೊಡ್ಡ ತುಂಡು ಅದಾವ. ಫಲಕ ಅಂತೀವಿ."

"ಎಲಾ ಇವ್ನ! ರಾಜ್ಯ ಒಡದ್ರು, ಜಿಲ್ಲಾ ಒಡದ್ರು, ಈಗ ಭೂಮಿನೂ ಒಡದೈತಿ ಅಂತೀರಿ?"

ಅವನ ಹೆಂಡತಿ ಪೆಂಟಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಟೀಚರಿಗೂ ನಗು ಬಂತು.

"ಅದು ಮನುಷ್ಯಾರು ಹುಟ್ಟೋಕಿಂತ ಮೊದಲೇ ಒಡದೈತ್ರಿ. ನಮ್ಮ ಫಲಕ ಉಗುರು ಬೆಳದಂಗ ನಿಧಾನಕ್ಕ ಉತ್ತರಕ್ಕ ಹೋಗಿ ಇನ್ನೊಂದು ಫಲಕಕ್ಕ ಒತ್ತತೈತಿ. ಹಂಗ ಒತ್ತಿನೇ ಹಿಮಾಲಯ ಎದ್ದೈತಿ."

"ಹಿಮಾಲಯ ಎಲ್ಲಿ, ಮಕ್ತಲ್ ಎಲ್ಲಿ!"

"ನಿಮ್ಮ ಕುರಿ ಹಟ್ಟಿ ಬಾಗಿಲಾಗ ಸಿಕ್ಕೊಂಡ್ರ ಏನು ಮಾಡ್ತಾವ?"

ಇದನ್ನು ಮಾಳಿಂಗಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಮುಂದಿನವು ನಿಲ್ತಾವ, ಹಿಂದಿನವು ದಬ್ತಾವ. ನಡುವಿಂದು ತಡಕೊಳ್ಳಾಕ ಆಗದ ಜಿಗೀತೈತಿ..." ಎನ್ನುತ್ತ ತಟ್ಟನೆ ನೆಲ ನೋಡಿದ. "ಹಂಗಂದ್ರ ಬೆಳಿಗ್ಗೆ ಜಿಗದದ್ದು ನಡುವಿನ ಕುರಿ?"

"ಹೌದ್ರಿ! ಆ ಒತ್ತಡ ನಮ್ಮ ಕಡಿ ನೆಲದೊಳಗಿನ ಹಳೆ ಬಿರುಕಿನಾಗೂ ಇರ್ತೈತಿ. ಅಲ್ಲಿ ಕಲ್ಲು ಜಾರಿದ್ರ ನೆಲ ನಡುಗತೈತಿ. ಮತ್ತ ಯಾವಾಗ ಅಂತ ಯಾರಿಗೂ ಹೇಳಾಕ ಬರಂಗಿಲ್ಲ."

ಮಾಳಿಂಗಪ್ಪ ಪೆಟ್ಟಿಗೆ ನೋಡಿದ, ಖಾಲಿ ತೊಟ್ಟಿಲು ನೋಡಿದ. "ಖರೇ ಐತಿ. ಆದ್ರೂ ಪದ್ಧತಿ ಮುರದ್ರ..."

ಪೆಂಟಮ್ಮ ಸಿಡಿದಳು. "ಪದ್ಧತಿ ಅಂತ ಪದ್ಧತಿ! ನಮ್ಮ ಮಾವ ಕುರಿ ಹೊಡ್ಕೊಂಡು ಹೋಗುವಾಗ ಇದೇ ಪೆಟ್ಟಿಗಿ ಕತ್ತೆ ಮ್ಯಾಲೆ ಹೇರ್ತಿದ್ರು. ಕತ್ತೆ ಬೆನ್ನ ಮ್ಯಾಲೆ ಊರೂರು ತಿರುಗಿದ ದೇವ್ರು ನೆಲಕ್ಕಿಳದ್ರ ಸಿಟ್ಟಾಗ್ತಾನಾ? ಕೂಸಿನ ತಲಿ ಒಡದ್ರ ಆಗ್ತಾನ!"

ಮಾಳಿಂಗಪ್ಪ ಹಲಗೆಯ ಹತ್ತಿರ ಹೋದ. ಹಣೆಗೆ ಭಂಡಾರ ಹಚ್ಚಿಕೊಂಡು ಪೆಟ್ಟಿಗೆಯನ್ನು ಇಳಿಸಿದ. ಎದುರಿನ ಮೂಲೆಯಲ್ಲಿ ಕಂಬಳಿ ಹಾಸಿ ಇಟ್ಟು ಕೈ ಮುಗಿದ. ಆಗ ದೇವಿಕಾ ಕೂಸನ್ನು ತೊಟ್ಟಿಲಿಗೆ ಹಾಕಿದಳು.

"ಮತ್ತ ನಡುಗಿದ್ರ ಏನು ಮಾಡಾಕ ಬೇಕ್ರಿ?" ಎಂದಳು.

"ಬಾಗಿಲ ಹತ್ರ ಇದ್ರ ಕೂಸಿನ ಎತ್ಕೊಂಡು ಬಯಲಿಗೆ ಹೋಗು. ಆಗದಿದ್ರ ಗಟ್ಟಿ ಮೇಜಿನ ಕೆಳಗ ತಲಿ ಮುಚ್ಕೊಂಡು ಕುಂದ್ರು. ಹೊರಗಿದ್ದವ್ರು ಒಳಗ ಓಡಬಾರದು."

ಪೆಂಟಮ್ಮ ಗಂಡನ ಕಡೆ ನೋಡಿದಳು.

"ಇನ್ನ ಯಾಕ ಓಡ್ತೀನಿ?" ಎಂದ ಮಾಳಿಂಗಪ್ಪ. "ದೇವ್ರು ನೆಲದ ಮ್ಯಾಲೆ ಗಟ್ಟಿ ಕುಂತಾನ."

ಓದುತ್ತಿರುವವರೇ, ಈ ಹಾಳೆ ಮಡಚುವ ಮೊದಲು ಒಮ್ಮೆ ತಲೆ ಎತ್ತಿ. ನಿಮ್ಮ ಮನೆಯಲ್ಲಿ ಮಕ್ಕಳು ಮಲಗುವ ಜಾಗದ ಮೇಲೆ ಏನಿದೆ? ಟ್ರಂಕೋ, ಹಿತ್ತಾಳೆ ಕೊಡವೋ? ಭೂಮಿಯ ಫಲಕವನ್ನು ನಿಲ್ಲಿಸಲು ನಮ್ಮಿಂದ ಆಗುವುದಿಲ್ಲ. ಆ ಟ್ರಂಕನ್ನು ಇಳಿಸಲು ಆಗುತ್ತದೆ. ಇವತ್ತೇ ಇಳಿಸಿ.