ಸಿಪ್ಪೆಯ ಕೋಣೆ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಇನ್ನೂ ಬೆಳಕು ಹರಿದಿರಲಿಲ್ಲ, ಒಲೆಯಿಂದ ತೆಗೆದ ಮೊದಲ ಬಿಸ್ಕತ್ತು ಆರುತ್ತಿತ್ತು. ದಿನವೂ ಒಂದು ತಟ್ಟೆ ತರುತ್ತಿದ್ದ ನನ್ನ ತಮ್ಮ ಅಂದು ಮೂರು ತಟ್ಟೆ ತಂದ. ಎಲ್ಲ ಶುರುವಾದದ್ದು ಅಲ್ಲಿಂದ.

ನಮ್ಮ ಬಿಸ್ಕತ್ತಿನ ಹೆಸರು 'ಅಕ್ಕ'. ಆ ಅಕ್ಕ ನಾನೇ. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ನನ್ನ ಬೆರಳು ಬಿಡದ ವಯಸ್ಸಿನವನು. ಮನೆಯ ಕಿಟಕಿಯಲ್ಲಿ ಬಿಸ್ಕತ್ತು ಇಟ್ಟು ಮಾರಿ ಅವನನ್ನು ಓದಿಸಿದೆ. ನಾನು ಓದಲಿಲ್ಲ, ಅದಕ್ಕೆ ಬೇಸರವೂ ಇರಲಿಲ್ಲ. ಜನ ಬಂದು "ಆ ಅಕ್ಕನ ಬಿಸ್ಕತ್ತು ಕೊಡಿ" ಎನ್ನುತ್ತಿದ್ದರು. ತಮ್ಮ ದೊಡ್ಡವನಾಗಿ ಕಾರ್ಖಾನೆ ಕಟ್ಟಿದಾಗ ಅದೇ ಹೆಸರನ್ನು ಪೊಟ್ಟಣದ ಮೇಲೆ ಹಾಕಿಸಿದ. ಹಾಲಿನದು, ಶುಂಠಿಯದು, ಕಿತ್ತಳೆಯದು ಎಂದು ಮೂರು ರುಚಿ. ಹಾಲಿನದನ್ನು ಮಕ್ಕಳು ತಿಂದರು, ಶುಂಠಿಯದನ್ನು ನೆಗಡಿಯಾದವರು ತಿಂದರು, ಕಿತ್ತಳೆಯದನ್ನು ಎಲ್ಲರೂ ತಿಂದರು.

ಆ ಕಿತ್ತಳೆಯ ರುಚಿ ಹುಟ್ಟುತ್ತಿದ್ದದ್ದು ಒಲೆಯ ಹಿಂದಿನ ಕೋಣೆಯಲ್ಲಿ. ಹಣ್ಣಿನ ರಸದ ಅಂಗಡಿಗಳಿಂದ ಗಾಡಿಯಲ್ಲಿ ಸಿಪ್ಪೆ ಬರುತ್ತಿತ್ತು. ಹೆಂಗಸರು ಅದರ ಒಳಗಿನ ಬಿಳಿಯನ್ನು ಕೆರೆದು, ತಂತಿಯ ಜಾಲರಿಯ ಮೇಲೆ ಹರವಿ, ಒಲೆಯ ಕಾವಿಗೆ ಒಣಗಿಸಿ ಕುಟ್ಟುತ್ತಿದ್ದರು. ಗಂಡನಿಲ್ಲದವರು, ಇಲ್ಲವೇ ಗಂಡನಿದ್ದೂ ಇಲ್ಲದವರು. ಅವರನ್ನೆಲ್ಲ ಕರೆತಂದವಳು ನಾನು. "ನಾನಿರೋ ತನಕ ಈ ಬಾಗಿಲು ನಿಮಗೆ ಮುಚ್ಚಲ್ಲ" ಎಂದು ಮಾತು ಕೊಟ್ಟಿದ್ದೆ, ತಮ್ಮನ ಎದುರಿಗೇ. ಅವರಲ್ಲಿ ಹಿರಿಯಳನ್ನು ರೇಡಿಯೋ ಎಂದು ಕರೆಯುತ್ತಿದ್ದೆವು. ಕೈ ನಿಂತರೂ ಬಾಯಿ ನಿಲ್ಲದ ಹೆಂಗಸು.

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ದಿನದ ಮೊದಲ ಬಿಸ್ಕತ್ತನ್ನು ನಾನು ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ತಿನ್ನಬೇಕು. ಬಣ್ಣ ಕಂಡರೆ ನಾಲಿಗೆ ಮೋಸಹೋಗುತ್ತದೆ. ನಾನು "ಹೂಂ" ಎಂದ ಮೇಲೆಯೇ ಪೊಟ್ಟಣ ಕಟ್ಟುವ ಯಂತ್ರ ತಿರುಗಬೇಕು.

"ಅಕ್ಕಾ, ಈ ಸಲ ಸಿಪ್ಪೆ ಬೇರೆ ಬೇರೆ ಕಡೆಯಿಂದ ತರಿಸ್ತಿದೀನಿ. ಯಾವುದು ನಮ್ಮದರ ಹಾಗಿದೆ ನೋಡು" ಎಂದ ತಮ್ಮ. ಅವನ ಹಿಂದೆ, ಬಿಸ್ಕತ್ತಿನ ರುಚಿ ಹದ ಮಾಡಲೆಂದು ಹೊಸದಾಗಿ ಸೇರಿದ ರುಚಿ ಮೇಷ್ಟ್ರು ಕೈಕಟ್ಟಿ ನಿಂತಿದ್ದರು.

ನಾನು ಗೋಡೆಗೆ ತಿರುಗಿ ಕಚ್ಚಿದೆ.

"ಇದೇನೋ ಇದು, ಸಾಬೂನು ನೆಕ್ಕಿದ ಹಾಗಿದೆ!"

"ಬಿಡಿಸಿ ಹೇಳು ಅಕ್ಕಾ. ಏನು ಕಮ್ಮಿ?"

"ಕಹಿ ಕಮ್ಮಿ. ನುಂಗಿದ ಮೇಲೆ ನಾಲಿಗೆ ಹಿಂದೆ ಚೂರು ಕಹಿ ನಿಲ್ಲಬೇಕು. ಆಮೇಲೆ ಒಲೆ ಕಾವು ತಿಂದ ವಾಸನೆ ಬರಬೇಕು, ಸುಟ್ಟದ್ದಲ್ಲ."

ಅಂದಿನಿಂದ ಆ ಚಳಿಗಾಲವೆಲ್ಲ ಮೂರು ಮೂರು ತಟ್ಟೆ. ಅವನು ಅಷ್ಟು ತಾಳ್ಮೆಯಿಂದ ನನ್ನ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ನನಗೆ ಹಿಗ್ಗು. ಕಹಿ ಹೆಚ್ಚಾಯಿತು ಎಂದರೆ ಮರುದಿನ ಇಳಿದಿರುತ್ತಿತ್ತು. ಕಾವು ಸಾಲದು ಎಂದರೆ ಅದೂ ಬಂದಿರುತ್ತಿತ್ತು. ಚಳಿ ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ, ಕಣ್ಣು ಮುಚ್ಚಿಕೊಂಡೇ "ಇದೇ ಕಣೋ ನಮ್ಮದು" ಎಂದೆ. ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕೈ ಬೆವೆತಿತ್ತು.

ಮುಂದಿನ ವಾರ ಸಿಪ್ಪೆಯ ಗಾಡಿ ಬರಲಿಲ್ಲ.

"ಗಾಡಿ ತಾತನಿಗೆ ಏನಾಯ್ತು ಅಕ್ಕಾ? ಯಾವಳನ್ನಾದ್ರೂ ಕಟ್ಕೊಂಡು ಓಡಿಹೋದ್ನಾ?" ಎಂದು ರೇಡಿಯೋ ನಗಿಸಿದಳು. ಮರುದಿನವೂ ಬರಲಿಲ್ಲ. ನಾನು ವಿಚಾರಿಸಲು ಹಿಟ್ಟು ಕಲಸುವ ಕಡೆ ಹೋದೆ. ಬಾಗಿಲಲ್ಲೇ ನಮ್ಮ ಕೋಣೆಯ ಘಮ ಮೂಗಿಗೆ ಬಡಿಯಿತು. ಸಿಪ್ಪೆ ಎಲ್ಲೂ ಕಾಣಲಿಲ್ಲ. ಹಿಟ್ಟಿನವನು ಕ್ಯಾನಿನಿಂದ ಏನನ್ನೋ ಹಿಟ್ಟಿಗೆ ಸುರಿಯುತ್ತಿದ್ದ.

"ಇದೇನಪ್ಪಾ?"

"ಕಿತ್ತಳೆ ಎಸೆನ್ಸು ಅಕ್ಕಾ. ನೀವೇ ತಿಂದು ತಿಂದು ತಿದ್ದಿದ್ದಂತಲ್ಲ. ಮೇಷ್ಟ್ರು ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು!"

ನೆಟ್ಟಗೆ ತಮ್ಮನ ಕೋಣೆಗೆ ಹೋದೆ.

"ಸಿಪ್ಪೆ ಅಂದೆಯಲ್ಲೋ."

"ಎಸೆನ್ಸು ಅಂದಿದ್ರೆ ನೀನು ಬಾಯಿಗೇ ಹಾಕ್ತಿರಲಿಲ್ಲ."

"ಹಾಕ್ತಿರಲಿಲ್ಲ."

"ಅದಕ್ಕೇ ಹೇಳಲಿಲ್ಲ. ಎಷ್ಟೋ ಊರಿಗೆ ಹೋಗೋ ಬಿಸ್ಕತ್ತು ಅಕ್ಕಾ ಇದು. ಇನ್ನೂ ಸಿಪ್ಪೆ ಕೆರ್ಕೊಂಡು ಕೂರೋಕಾಗುತ್ತಾ? ನಿನ್ನ ಮಾತು ನಾನೇನೂ ಮೀರಿಲ್ಲ. ಇದೇ ನಮ್ಮದು ಅಂದವಳು ನೀನೇ."

"ಆ ಹೆಂಗಸರ ಗತಿ?"

ಅವನು ಮೇಜಿನ ಮೇಲಿನ ಪುಡಿ ಒರೆಸಿದ. "ಬೆಳಿಗ್ಗೆಯೇ ಕರೆದು ಹೇಳಿಸಿದೆ. ಕೂಗಾಡ್ತಾರೆ ಅಂದ್ಕೊಂಡಿದ್ದೆ. ಅಕ್ಕ ಒಪ್ಪಿದಾಳೆ ಅಂದ ತಕ್ಷಣ ತುಟಿ ಪಿಟಕ್ಕೆನ್ನಲಿಲ್ಲ."

ಅಮ್ಮ ಹೋದ ದಿನವೂ ನಾನು ಅಷ್ಟು ಒಂಟಿಯಾಗಿರಲಿಲ್ಲ. ಆ ಹೆಂಗಸರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದ. ತೆಗೆಯುವುದಕ್ಕೆ ನನ್ನ ಬಾಯನ್ನೇ ಬಳಸಿದ್ದ.

ಕೋಣೆಗೆ ಬಂದೆ. ಹೆಂಗಸರು ಜಾಲರಿಗಳನ್ನು ತೊಳೆದು ಗೋಡೆಗೆ ಒರಗಿಸುತ್ತಿದ್ದರು. ಯಾರೂ ತೊಳೆಯಲು ಹೇಳಿರಲಿಲ್ಲ. ರೇಡಿಯೋ ಮಾತಾಡುತ್ತಿರಲಿಲ್ಲ.

"ನಂಗೆ ಗೊತ್ತಿರಲಿಲ್ಲ ಕಣೇ" ಎಂದೆ.

"ತಮ್ಮ ನಿನ್ನೋನು. ಹೆಸರು ನಿಂದು. ತಿಂದಿದ್ದೂ ನೀನೇ" ಎಂದಳು ಅವಳು, ನನ್ನ ಕಡೆ ನೋಡದೆ. "ನಿನಗೆ ಗೊತ್ತಿರಲಿಲ್ಲ! ಹೋಗ್ಲಿ ಬಿಡಕ್ಕಾ. ಒಂದು ಮಾತು ಮೊದಲೇ ಹೇಳಿದ್ರೆ ಬೇರೆ ಕಡೆ ಕೇಳ್ಕೊತಿದ್ವಿ, ಅಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ಹೋದ ಮರುದಿನ ತಮ್ಮನನ್ನು ಒಂದೇ ಒಂದು ಕೇಳಿದೆ. "ಅವರ ಮನೆಗೆ ನನ್ನ ಜೊತೆ ಬಾ. ಅಕ್ಕನಿಗೂ ಮುಚ್ಚಿಟ್ಟೆ ಅಂತ ನಿನ್ನ ಬಾಯಲ್ಲಿ ಹೇಳು. ಬೇರೇನೂ ಬೇಡ."

"ಮಾಲೀಕ ಮನೆಮನೆಗೆ ಹೋಗಿ ಸುಳ್ಳು ಹೇಳ್ದೆ ಅನ್ನೋದಾ? ನಿನ್ನ ಬೈಕೊಂಡ್ರೆ ಬೈಕೊಳ್ಲಿ ಬಿಡು, ನಾಲ್ಕು ದಿನ." ಆಮೇಲೆ ಮೆತ್ತಗೆ, "ನಾಳೆ ಶುಂಠಿದು ಮೂರು ತಟ್ಟೆ ಬರುತ್ತೆ. ಬೇಗ ಬಾ" ಎಂದ.

ಮರುದಿನ ಬೆಳಿಗ್ಗೆ ಶುಂಠಿಯ ತಟ್ಟೆಗೆ ಹೋಗದೆ ನನ್ನ ಬಟ್ಟೆಗಳನ್ನು ಗಂಟು ಕಟ್ಟಿಕೊಂಡೆ. ತಮ್ಮ ಬಾಗಿಲ ತನಕ ಬಂದ, "ಎಲ್ಲಿಗೆ ಅಕ್ಕಾ?" ಎಂದ. ಆದರೆ ಚಪ್ಪಲಿ ಮೆಟ್ಟಲಿಲ್ಲ.

ರೇಡಿಯೋ ಮತ್ತು ಉಳಿದ ಹೆಂಗಸರು ಹೋದದ್ದು ಗುರುವಾರ. ನಾನು ಹೋದದ್ದು ಶನಿವಾರ.