ಕಾವಲಿಗೆ ಬಂದವರು

ಹಿರೋಳ್ಳಿಯ ಶಾಂತಲಿಂಗಪ್ಪ ಶಾಲೆಯ ಪ್ರವಾಸಕ್ಕೆ ಹೊರಟಿದ್ದು ಊರು ನೋಡಲಿಕ್ಕಲ್ಲ, ಮಗಳನ್ನು ಕಾಯಲಿಕ್ಕೆ. ಕಲ್ಯಾಣಪ್ಪ ಮಾಸ್ತರರು ಆರನೇ ತರಗತಿಯ ಮಕ್ಕಳನ್ನು ಆಳಂದದ ದರ್ಗಾಕ್ಕೂ ಗಾಣಗಾಪುರದ ಗುಡಿಗೂ ಕರೆದೊಯ್ಯುತ್ತೇನೆ ಅಂದ ದಿನವೇ ಅವನು ಶಾಲೆಯ ಅಂಗಳಕ್ಕೆ ಹೋಗಿ ಗುಡುಗಿದ್ದ.

“ಮಾಸ್ತರ್ರ, ನಮ್ಮ ಲಿಂಗ ನಮ್ಮ ಎದಿ ಮ್ಯಾಲ ಅದ. ನಮ್ಮ ಹೀರಾ ದರ್ಗಾಕ್ಕೂ ಬರಂಗಿಲ್ಲ, ಗುಡಿಗೂ ಬರಂಗಿಲ್ಲ!”

ಇಂಥವನ ಜೊತೆ ವಾದ ಮಾಡಿ ಗೆದ್ದವರುಂಟೆ? ಅಷ್ಟರಲ್ಲಿ ಗೌಸಿಯಾಬೇಗಂ ಬಂದಳು. ತನ್ನ ಮಗಳು ಶಮಶಾದ ಗುಡಿಗೆ ಕಾಲಿಡುವುದು ಬೇಡ ಎಂಬುದು ಅವಳ ತಕರಾರು. ಮಾಸ್ತರರು ಇಬ್ಬರಿಗೂ ಕೈಮುಗಿದರು.

“ನೀವೂ ನಮ್ಮ ಜೊತಿ ಬರ್ರಿ. ನಿಮ್ಮ ನಿಮ್ಮ ಮಕ್ಕಳನ್ನ ನೀವೇ ಹಿಡಕೊಂಡು ನಿಂದರ್ರಿ. ಮತ್ತೇನ್ ಹೇಳ್ಲಿ?”

ಹಾಗೆ ಎಂಬತ್ತೆರಡರ ಚಳಿಗಾಲದಲ್ಲಿ ಕಾವಲುಗಾರರಿಬ್ಬರೂ ಒಂದೇ ಬಸ್ಸು ಹತ್ತಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇಗಂ ದರ್ಗಾಕ್ಕೆ ಏರಿಸುವ ಹರಕೆ ಹೂವಿನ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ಹೀರಾ, ಶಮಶಾದ ಒಂದೇ ಶಾಲು ಹೊದ್ದು ಕಿಸಿಕಿಸಿ ನಗುತ್ತಿದ್ದರು.

ಶಾಂತಲಿಂಗಪ್ಪನಿಗೆ ಒಂದು ನೇಮ. ಇಷ್ಟಲಿಂಗ ಪೂಜೆ ಆಗದೆ ತುತ್ತು ಅನ್ನವಿಲ್ಲ, ಗುಟುಕು ನೀರಿಲ್ಲ. ಸಾಯುವಾಗ ಅವ್ವ ಕೈ ಹಿಡಿದು ತೆಗೆದುಕೊಂಡ ಮಾತು ಅದು, ಜ್ವರದಲ್ಲೂ ತಪ್ಪಿಸಿದವನಲ್ಲ. ಬಸ್ಸು ಕೋಳಿ ಕೂಗುವ ಹೊತ್ತಿಗೇ ಬಂದಿದ್ದರಿಂದ ಸ್ನಾನವಷ್ಟೇ ಆಗಿತ್ತು. ಪೂಜೆ ಆಳಂದದ ಬೀಗರ ಮನೆಯಲ್ಲಿ ಅಂದುಕೊಂಡಿದ್ದ. ಬಸ್ಸು ನೋಡಿದರೆ ನೇರ ದರ್ಗಾದ ಮುಂದೆ ನಿಂತಿತು. ಗುಂಪು ಬಿಟ್ಟು ಮಕ್ಕಳನ್ನು ಎಲ್ಲಿಗೂ ಕಳಿಸುವುದಿಲ್ಲ ಅಂದರು ಮಾಸ್ತರರು. ತಾನೊಬ್ಬನೇ ಬೀಗರ ಮನೆಗೆ ಹೋದರೆ ಮಗಳು ದರ್ಗಾದೊಳಗೆ ಹೋಗುತ್ತಾಳೆ. ಹೋಗದಿದ್ದರೆ ಪೂಜೆಗೆ ಮಡಿ ಜಾಗವಿಲ್ಲ, ನೀರಿಲ್ಲ. ತಾನೇ ಹೆಣೆದ ಬಲೆಯಲ್ಲಿ ತಾನೇ ಬಿದ್ದ, ಪುಣ್ಯಾತ್ಮ! ಹೀರಾಳ ಕೈ ಹಿಡಿದು ಹೊರಗಿನ ಬೇವಿನ ಮರದ ಕೆಳಗೆ ಕೂತುಬಿಟ್ಟ.

ಮಧ್ಯಾಹ್ನ ಮಕ್ಕಳೆಲ್ಲ ಬುತ್ತಿ ಬಿಚ್ಚಿದರು. ಹೀರಾ ತನ್ನ ಗಂಟು ಮುಟ್ಟಲಿಲ್ಲ.

“ಉಣ್ಣು ಹೀರಾ.”

“ನೀ ಉಂಡಿಲ್ಲಲ್ಲಪ್ಪಾ. ನಾನೂ ಒಲ್ಲೆ.”

ಗದರಿದ, ಪುಸಲಾಯಿಸಿದ. ಅಪ್ಪನ ಹಟವೇ ಮಗಳಿಗೂ ಬಂದಿತ್ತು. ಅವಳ ತುಟಿ ಒಣಗಿತ್ತು. ಅವ್ವನಿಗೆ ಕೊಟ್ಟ ಮಾತು ಮುರಿಯಬೇಕೋ, ಕೂಸನ್ನು ಉಪವಾಸ ಕೆಡವಬೇಕೋ ತಿಳಿಯಲಿಲ್ಲ.

ದೂರದಿಂದ ನೋಡುತ್ತಿದ್ದ ಗೌಸಿಯಾಬೇಗಂ ಎದ್ದು ಬಂದಳು. ಧ್ವನಿ ಬಿರುಸಾಗಿತ್ತು.

“ದರ್ಗಾದಾಗ ಉಂಡ್ರ ಮೈಲಿಗಿ ಆಗ್ತದಂತ ಕೂಸಿಗೂ ಉಪಾಸ ಕೆಡವೀರೇನ್ರಿ?”

“ಇಲ್ರಿ ಅಕ್ಕಾರ, ಹಂಗಲ್ಲ. ನನ್ನ ಲಿಂಗಪೂಜಿ ಆಗಿಲ್ರಿ. ನಾ ಉಣ್ಣದ ಆಕಿ ಉಣ್ಣವಲ್ಲಳು.”

ಬೇಗಂ ಅಲ್ಲೇ ಮೆತ್ತಗಾದಳು. “ಅಯ್ಯೋ ಅಲ್ಲಾ! ಇಷ್ಟಕ್ಕ ಹಿಂಗ ಕುಂತೀರಿ? ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?”

ದರ್ಗಾ ನೋಡಿಕೊಳ್ಳುವ ಮುಜಾವರನ ಹೆಂಡತಿಯನ್ನು ಕೂಗಿ, ಅವರ ಮನೆಯ ಕಟ್ಟೆ ಗುಡಿಸಲು ಹೇಳಿದಳು. ಬೆಳಗಿದ ತಂಬಿಗೆ ತಂದು ಬಾವಿಯ ಹತ್ತಿರ ಇಟ್ಟು, “ನೀರು ನೀವ ಸೇದ್ಕೊರ್ರಿ, ನಾವ್ ಮುಟ್ಟಂಗಿಲ್ಲ” ಅಂದಳು. ಆಮೇಲೆ ತನ್ನ ಬುಟ್ಟಿಯ ಎಲೆ ಸರಿಸಿ ಬೊಗಸೆ ಗುಲಾಬಿ ತೆಗೆದು ಕಟ್ಟೆಯ ಮೇಲಿಟ್ಟಳು.

“ಇವು ನಿಮ್ಮ ಹರಕಿ ಹೂವಲ್ಲೇನ್ರಿ?” ಅಂದ ಶಾಂತಲಿಂಗಪ್ಪ.

“ಹೌದ್ರಿ. ಮುಂಜಾನಿ ಜನ ಭಾಳ ಇದ್ರು, ಇನ್ನಾ ಏರಿಸಿಲ್ಲ. ಇಲ್ಲಿ ಕೂಸು ಉಪಾಸ ಕುಂತದ. ಅದನ್ನ ದಾಟಿ ಹೋಗಿ ನಾ ಏನಂತ ಬೇಡ್ಲಿ?”

ಶಾಂತಲಿಂಗಪ್ಪ ಬಾವಿಯಿಂದ ನೀರು ಸೇದಿ ತಂದ. ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಲಿಂಗ ಇಟ್ಟು ವಿಭೂತಿ ಹಚ್ಚಿದ, ನೀರೆರೆದ, ಆ ಹೂವೇ ಏರಿಸಿದ. ಹುಡುಗರು ಗದ್ದಲ ಮಾಡದಂತೆ ಬೇಗಂ ಅಂಗಳದ ಬಾಗಿಲಲ್ಲಿ ನಿಂತಳು. ಅಷ್ಟು ನೆಮ್ಮದಿಯ ಪೂಜೆ ಮನೆಯಲ್ಲೂ ಆದದ್ದು ಅವನಿಗೆ ನೆನಪಿರಲಿಲ್ಲ.

ಆಮೇಲೆ ಅಪ್ಪ ಮಗಳು ರೊಟ್ಟಿ ಮುರಿದರು. ಶಮಶಾದ ತನ್ನ ಪಾಲಿನ ಶೇಂಗಾ ಹಿಂಡಿಯ ಪುಡಿಯನ್ನೂ ಹೀರಾಳ ರೊಟ್ಟಿಯ ಮೇಲೆ ಸುರಿದಳು.

“ನಿಮ್ಮ ಉಪಕಾರ ಮರಿಯಂಗಿಲ್ರಿ ಅಕ್ಕಾರ,” ಅಂದ ಶಾಂತಲಿಂಗಪ್ಪ. ಕಣ್ಣು ತುಂಬಿದ್ದನ್ನು ಮುಚ್ಚಿಡಲಿಲ್ಲ.

“ಹೋಗ್ರಿ ಅಣ್ಣಾರ! ನಾಕು ಹೂವಿಗೇನ್ ಉಪಕಾರ?” ಎಂದು ಬೇಗಂ ಬುಟ್ಟಿ ಎತ್ತಿಕೊಂಡು, ಮಗಳ ಕೈ ಹಿಡಿದು ದರ್ಗಾದ ಕಡೆ ಹೊರಟಳು.

ಶಾಂತಲಿಂಗಪ್ಪ ತನ್ನ ಹೆಗಲ ವಸ್ತ್ರ ತೆಗೆದು ಹೀರಾಳ ತಲೆಗೆ ಹೊದಿಸಿದ.

“ಹೋಗು. ಅಕ್ಕಾರ ಜೊತಿ ಬಾಗಿಲ ತನಕ ಹೋಗಿ ಬಾ.”

ಹೀರಾ ಬಾಯಿ ತೆರೆದು ನೋಡಿದಳು. “ಹೋಗಿ ಏನಂತ ಬೇಡ್ಕೊಳ್ಲಿ ಅಪ್ಪಾ?”

“ನಮಗ ಇವತ್ತ ಏನೂ ಕಡಿಮಿ ಇಲ್ಲ ತಾಯಿ. ಅಕ್ಕಾರ ಹರಕಿ ಏನದ ಕೇಳು. ಅದು ಆಗ್ಲಿ ಅಂತ ಬೇಡ್ಕೋ.”